ಸೀಮಂತಕ್ಕೆ ಮೊದಲೇ ಮುಗಿಯುವ ಕೆಲಸ

ಮೂರು ತಿಂಗಳು ತುಂಬುವ ತನಕ ಬಸುರಿನ ಸುದ್ದಿ ಹೊರಗೆ ಬೀಳಬಾರದು ಎನ್ನುವುದು ನಮ್ಮ ಅನೇಕ ಮನೆಗಳ ರೂಢಿ. ದೃಷ್ಟಿ ತಾಗುತ್ತದೆ ಎಂಬ ಅಂಜಿಕೆ, ಗರ್ಭ ನಿಲ್ಲುತ್ತದೋ ಇಲ್ಲವೋ ಎಂಬ ಅನುಮಾನ ಎರಡೂ ಅದರ ಹಿಂದೆ ಇವೆ. ಹಾಗಾಗಿ ಆ ಮೂರು ತಿಂಗಳು ಹೆಂಗಸು ಎಂದಿನಂತೆ ಕಳೆ ಕೀಳಲು ಹೋಗುತ್ತಾಳೆ, ಗಾರ್ಮೆಂಟ್ಸ್ ಕಾರ್ಖಾನೆಯ ಬಸ್ಸು ಹತ್ತುತ್ತಾಳೆ, ಜಿರಳೆಗೆ ಹೊಡೆಸಿದ ಔಷಧಿಯ ಘಾಟು ಆರುವ ಮೊದಲೇ ಅಡುಗೆಮನೆಗೆ ನುಗ್ಗುತ್ತಾಳೆ, ತಲೆ ಸಿಡಿದರೆ ಮೆಡಿಕಲ್ ಶಾಪಿನಿಂದ ಗುಳಿಗೆ ತರಿಸಿ ನುಂಗುತ್ತಾಳೆ. ಭಾರ ಎತ್ತಬೇಡ, ಬಿಸಿಲಿಗೆ ಹೋಗಬೇಡ ಎಂಬ ಉಪಚಾರ, ಬಯಕೆಯೂಟ, ಸೀಮಂತದ ಹಸಿರು ಬಳೆ ಎಲ್ಲ ಆಮೇಲಿನ ಮಾತು. ಹೊಟ್ಟೆಯಲ್ಲಿರುವುದು ಗಂಡು ಮಗುವಾಗಿದ್ದರೆ, ಅದರ ಜನನಾಂಗಗಳ ಮಟ್ಟಿಗಂತೂ, ಮುಖ್ಯ ಕೆಲಸದ ಬಹುಪಾಲು ಅಷ್ಟರಲ್ಲಿ ಮುಗಿದಿರುತ್ತದೆ.

ಆರನೇ ವಾರದ ಹೊತ್ತಿನ ಗಂಡು ಭ್ರೂಣವನ್ನೂ ಹೆಣ್ಣು ಭ್ರೂಣವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬೇರೆ ಮಾಡಲಾಗದು. ಮುಂದೆ ಗರ್ಭಕೋಶವಾಗಬಲ್ಲ ನಾಳಗಳೂ ವೀರ್ಯನಾಳವಾಗಬಲ್ಲ ನಾಳಗಳೂ ಎರಡರಲ್ಲೂ ಇರುತ್ತವೆ. ವೈ ವರ್ಣತಂತುವಿನಲ್ಲಿರುವ ಎಸ್‌ಆರ್‌ವೈ ಎಂಬ ಒಂದು ಜೀನ್, ಅಲ್ಲಿಯವರೆಗೆ ಯಾವ ಕಡೆಗೂ ವಾಲದ ಗ್ರಂಥಿಯನ್ನು ವೃಷಣದ ಕಡೆಗೆ ತಿರುಗಿಸುತ್ತದೆ. ಲಂಡನ್ನಿನ ವಿಜ್ಞಾನಿಗಳು ಈ ಜೀನನ್ನು ಗುರುತಿಸಿದ್ದು 1990ರಲ್ಲಿ. ಆದರೆ ಅದರ ಪಾತ್ರ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯುತ್ತದೆ. ಮುಂದಿನದೆಲ್ಲ ಆ ಎಳೆಯ ವೃಷಣ ಸುರಿಸುವ ಹಾರ್ಮೋನುಗಳ ಕೈಯಲ್ಲಿ. ಇದನ್ನು ಜೀನು ಪತ್ತೆಯಾಗುವುದಕ್ಕೆ ನಾಲ್ಕು ದಶಕ ಮೊದಲೇ ತೋರಿಸಿಕೊಟ್ಟವರು ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್. ತಾಯಿ ಮೊಲದ ಹೊಟ್ಟೆಯೊಳಗೇ ಇದ್ದ ಗಂಡು ಮರಿಯ ವೃಷಣವನ್ನು ಅವರು ಶಸ್ತ್ರಚಿಕಿತ್ಸೆಯಿಂದ ತೆಗೆದರು. ವರ್ಣತಂತು ಗಂಡಿನದೇ ಇದ್ದರೂ ಆ ಮರಿ ಬೆಳೆದದ್ದು ಹೆಣ್ಣಿನ ಅಂಗಗಳೊಡನೆ. ಗಂಡಾಗಲು ಹಾರ್ಮೋನಿನ ಅಪ್ಪಣೆ ಬೇಕು. ಅಪ್ಪಣೆ ಬಾರದಿದ್ದರೆ ದೇಹ ತನ್ನ ಪಾಡಿಗೆ ಹೆಣ್ಣಿನ ದಾರಿ ಹಿಡಿಯುತ್ತದೆ.

ಆ ಅಪ್ಪಣೆಗೂ ಒಂದು ಹೊತ್ತಿದೆ. ಎಂಟನೇ ವಾರದ ಸುಮಾರಿಗೆ ವೃಷಣದ ಲೇಡಿಗ್ ಕೋಶಗಳು ಟೆಸ್ಟೋಸ್ಟಿರೋನ್ ಎಂಬ ಗಂಡು ಹಾರ್ಮೋನನ್ನು ತಯಾರಿಸಲು ತೊಡಗುತ್ತವೆ. ಎಡಿನ್‌ಬರೊದ ರಿಚರ್ಡ್ ಶಾರ್ಪ್ ಮತ್ತು ಸಂಗಡಿಗರು ಗರ್ಭಿಣಿ ಇಲಿಗಳಿಗೆ ಗಂಡು ಹಾರ್ಮೋನನ್ನು ತಡೆಯುವ ಔಷಧಿಯನ್ನು ಬೇರೆ ಬೇರೆ ದಿನಗಳಲ್ಲಿ ಕೊಟ್ಟು ನೋಡಿದರು. 2008ರಲ್ಲಿ ಪ್ರಕಟವಾದ ಅವರ ಫಲಿತಾಂಶ ಈ ಕ್ಷೇತ್ರದ ನಕ್ಷೆಯನ್ನೇ ಬದಲಿಸಿತು. ಗರ್ಭಾವಸ್ಥೆಯ ಕೆಲವೇ ದಿನಗಳ ಒಂದು ಕಿರು ಅವಧಿಯಲ್ಲಿ ಔಷಧಿ ಬಿದ್ದರೆ ಮಾತ್ರ ಮರಿಗಳಲ್ಲಿ ದೊಡ್ಡ ದೋಷ ಕಾಣುತ್ತಿತ್ತು. ಸೋಜಿಗವೆಂದರೆ ಆ ದಿನಗಳಲ್ಲಿ ಅಂಗಗಳು ಇನ್ನೂ ಮೂಡಿಯೇ ಇರುವುದಿಲ್ಲ. ಅವು ಮೂಡುವ ಹೊತ್ತಿನಲ್ಲಿ ಔಷಧಿ ಕೊಟ್ಟರೆ ಏನೂ ಆಗದು. ಮೂಡುವ ಮೊದಲು ಕೊಟ್ಟರೆ ಕೆಡುತ್ತದೆ. ಮನುಷ್ಯರಲ್ಲಿ ಈ ಅವಧಿ ಸುಮಾರು 8ರಿಂದ 14ನೇ ವಾರ ಎಂದು ವಿಜ್ಞಾನಿಗಳು ಅಂದಾಜಿಸುತ್ತಾರೆ. ಹದ ತಪ್ಪಿದ ಮೇಲೆ ಎಷ್ಟು ಮಳೆ ಹೊಯ್ದರೂ ಬಿತ್ತನೆ ಸರಿಹೋಗದ ಹಾಗೆ, ಆ ವಾರಗಳಲ್ಲಿ ಕೊರತೆಬಿದ್ದ ಹಾರ್ಮೋನನ್ನು ಆಮೇಲೆ ಯಾವ ದೇಹವೂ ತುಂಬಿಕೊಡಲಾರದು.

ಕೊರತೆ ಬಿದ್ದರೆ ಏನಾಗುತ್ತದೆ? ಹುಟ್ಟಿದಾಗಲೇ ಕಾಣುವಂಥದ್ದು ಎರಡು. ಒಂದು, ಮಕ್ಕಳ ಡಾಕ್ಟರು ತಾಯಿಗೆ ತಗ್ಗಿದ ದನಿಯಲ್ಲಿ 'ಒಂದು ಬೀಜ ಇನ್ನೂ ಇಳಿದಿಲ್ಲ' ಎಂದು ಹೇಳುವ ಸ್ಥಿತಿ. ವೃಷಣ ರೂಪುಗೊಳ್ಳುವುದು ಹೊಟ್ಟೆಯೊಳಗೆ, ಮೂತ್ರಪಿಂಡದ ಸಮೀಪ. ಅಲ್ಲಿಂದ ಅದು ಎರಡು ಹಂತಗಳಲ್ಲಿ ಚೀಲಕ್ಕೆ ಇಳಿಯಬೇಕು. ಕೊನೆಯ ಹಂತ ನಡೆಯುವುದು ಏಳನೇ ತಿಂಗಳ ಆಚೀಚೆ. ಎರಡನೆಯದು ಹೈಪೊಸ್ಪೇಡಿಯಾಸ್: ಮೂತ್ರದ ರಂಧ್ರ ತುದಿಯಲ್ಲಿರದೆ ಕೆಳಬದಿಯಲ್ಲಿ ಎಲ್ಲೋ ತೆರೆದುಕೊಂಡಿರುತ್ತದೆ. ಕಾಣದೆ ಉಳಿಯುವಂಥದ್ದು ಇನ್ನೂ ಇದೆ. ವೀರ್ಯಾಣುಗಳನ್ನು ಸಾಕಿ ಬೆಳೆಸುವ ಸರ್ಟೋಲಿ ಕೋಶಗಳ ಸಂಖ್ಯೆ ಬಹಳಮಟ್ಟಿಗೆ ಭ್ರೂಣಾವಸ್ಥೆಯಲ್ಲಿ ಮತ್ತು ಎಳವೆಯಲ್ಲಿ ನಿಗದಿಯಾಗುತ್ತದೆ. ಒಂದು ಸರ್ಟೋಲಿ ಕೋಶ ಇಂತಿಷ್ಟೇ ವೀರ್ಯಾಣುಗಳನ್ನು ಪೊರೆಯಬಲ್ಲದು. ಇಪ್ಪತ್ತೈದರ ಯುವಕನ ವೀರ್ಯಾಣುಗಳ ಸಂಖ್ಯೆಗೆ ಮೇಲ್ಮಿತಿ ಬಿದ್ದದ್ದು ಅವನ ಹುಟ್ಟಿಗೂ ಮೊದಲಿರಬಹುದು.

ಅಮ್ಮನಿಗೆ ಬರೆದುಕೊಟ್ಟ ಗುಳಿಗೆ

ಹೊರಗಿನ ರಾಸಾಯನಿಕವೊಂದು ತಾಯಿಯ ಮೂಲಕ ದಾಟಿ ಮಗುವಿನ ಜನನಾಂಗವನ್ನು ಕೆಡಿಸಬಲ್ಲದು ಎಂಬ ಮಾತಿಗೆ ಮನುಷ್ಯರಲ್ಲಿ ಸಿಕ್ಕ ಮೊದಲ ಬಲವಾದ ಸಾಕ್ಷಿ ಒಂದು ಔಷಧಿ. ಲಂಡನ್ನಿನ ಚಾರ್ಲ್ಸ್ ಡಾಡ್ಸ್ 1938ರಲ್ಲಿ ಡೈಇಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಹೆಣ್ಣು ಹಾರ್ಮೋನನ್ನು ತಯಾರಿಸಿದರು. ಚಿಕ್ಕದಾಗಿ ಡಿಇಎಸ್. ಪೇಟೆಂಟ್ ಇರಲಿಲ್ಲ, ತಯಾರಿ ಅಗ್ಗ. ಗರ್ಭಪಾತ ತಡೆಯುತ್ತದೆ ಎಂಬ ನಂಬಿಕೆಯಿಂದ ಅಮೆರಿಕದ ವೈದ್ಯರು 1940ರ ದಶಕದಿಂದ ಲಕ್ಷಾಂತರ ಗರ್ಭಿಣಿಯರಿಗೆ ಅದನ್ನು ಬರೆದುಕೊಟ್ಟರು. 1953ರಲ್ಲೇ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಅರ್ಧ ಜನಕ್ಕೆ ಡಿಇಎಸ್, ಅರ್ಧ ಜನಕ್ಕೆ ಹುಸಿ ಗುಳಿಗೆ ಕೊಟ್ಟು ನಡೆಸಿದ ಪರೀಕ್ಷೆ, ಇದರಿಂದ ಯಾವ ಉಪಯೋಗವೂ ಇಲ್ಲ ಎಂದು ತೋರಿಸಿತ್ತು. ಆದರೂ ಬರೆಯುವುದು ನಿಲ್ಲಲಿಲ್ಲ. 1971ರಲ್ಲಿ ಬಾಸ್ಟನ್ನಿನ ಆರ್ಥರ್ ಹರ್ಬ್ಸ್ಟ್ ಎಳೆಯ ಹುಡುಗಿಯರಲ್ಲಿ ಕಂಡ ಅಪರೂಪದ ಯೋನಿ ಕ್ಯಾನ್ಸರಿನ ಎಂಟು ಪ್ರಕರಣಗಳ ಜಾಡು ಹಿಡಿದು ಹೋದಾಗ ಏಳು ತಾಯಂದಿರು ಈ ಗುಳಿಗೆ ನುಂಗಿದ್ದು ಗೊತ್ತಾಯಿತು. ಆ ವರ್ಷವೇ ಅಮೆರಿಕದ ಔಷಧ ಆಡಳಿತ, ಗರ್ಭಿಣಿಯರಿಗೆ ಕೊಡಬೇಡಿ ಎಂದಿತು.

ಹೆಣ್ಣುಮಕ್ಕಳ ಕಥೆ ಜಗತ್ತಿಗೆ ಗೊತ್ತಾಯಿತು. ಗಂಡುಮಕ್ಕಳ ಕಥೆ ಅಷ್ಟು ಸದ್ದು ಮಾಡಲಿಲ್ಲ. ಷಿಕಾಗೊದ ಹಳೆಯ ಪರೀಕ್ಷೆಯಿಂದಾಗಿ ವೈದ್ಯರ ಬಳಿ ಅಪರೂಪದ ಒಂದು ಪಟ್ಟಿಯಿತ್ತು: ಯಾವ ತಾಯಿ ನಿಜವಾದ ಗುಳಿಗೆ ನುಂಗಿದಳು, ಯಾವಳು ಹುಸಿಯದು ಎಂದು ಹೆಸರು ಸಮೇತ ಗೊತ್ತಿತ್ತು. 1970ರ ದಶಕದಲ್ಲಿ ಅವರ ಬೆಳೆದ ಗಂಡುಮಕ್ಕಳನ್ನು ಪರೀಕ್ಷಿಸಿದಾಗ ಡಿಇಎಸ್ ತಾಯಂದಿರ ಮಕ್ಕಳಲ್ಲಿ ಸುಮಾರು ಶೇ 31ರಷ್ಟು ಮಂದಿಗೆ ವೃಷಣದ ಬೆನ್ನಿನ ಸುರುಳಿನಾಳದಲ್ಲಿ ನೀರುಗಂಟು, ಇಲ್ಲವೆ ಕುಗ್ಗಿದ ವೃಷಣ ಕಂಡಿತು. ಹುಸಿ ಗುಳಿಗೆಯವರ ಮಕ್ಕಳಲ್ಲಿ ಅದು ಸುಮಾರು ಶೇ 8. ಇಳಿಯದ ವೃಷಣವೂ ಮೊದಲ ಗುಂಪಿನಲ್ಲಿ ಹೆಚ್ಚಿತ್ತು. ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಸಲೀಸು. ಆದರೆ ಅದೇ ಗಂಡಸರನ್ನು 1995ರ ಹೊತ್ತಿಗೆ ಮತ್ತೆ ವಿಚಾರಿಸಿದಾಗ, ಅಂಗದೋಷ ಹೆಚ್ಚಿದ್ದರೂ ಮಕ್ಕಳಾಗುವುದಕ್ಕೆ ಅಡ್ಡಿಯಾದಂತೆ ಕಾಣಲಿಲ್ಲ. ಈ ಕ್ಷೇತ್ರದ ಬಗ್ಗೆ ಬರೆಯುವವರು ಈ ಎರಡನೇ ವಾಕ್ಯವನ್ನು ಬಿಟ್ಟುಬಿಡುವುದು ವಾಡಿಕೆ. ಬಿಡಬಾರದು. ದೇಹ ಪೆಟ್ಟು ತಿಂದರೂ ಸಾಕಷ್ಟನ್ನು ಉಳಿಸಿಕೊಳ್ಳುತ್ತದೆ ಎನ್ನುವುದೂ ವಿಜ್ಞಾನವೇ.

ಡೆನ್ಮಾರ್ಕಿನ ಗಂಡುಮಕ್ಕಳು

ಕೋಪನ್‌ಹೇಗನ್‌ನ ವೈದ್ಯ ನೀಲ್ಸ್ ಸ್ಕಾಕೆಬೆಕ್ 1972ರಲ್ಲಿ, ಮಕ್ಕಳಾಗದ ಗಂಡಸರ ವೃಷಣದ ಚೂರುಗಳನ್ನು ಸೂಕ್ಷ್ಮದರ್ಶಕದಡಿ ನೋಡುವಾಗ ವಿಚಿತ್ರ ಕೋಶಗಳನ್ನು ಕಂಡರು. ಮುಂದೆ ವೃಷಣದ ಕ್ಯಾನ್ಸರ್ ಆಗಲಿದ್ದ ಆ ಕೋಶಗಳು ಭ್ರೂಣದ ಬೀಜಕೋಶಗಳನ್ನು ಹೋಲುತ್ತಿದ್ದವು. ಬೆಳೆದ ಗಂಡಸಿನ ದೇಹದಲ್ಲಿ, ಭ್ರೂಣದಲ್ಲೇ ಮಾಗಿ ಬದಲಾಗಬೇಕಿದ್ದ ಕೋಶಗಳು ಬದಲಾಗದೆ ಕೂತಿವೆಯೇ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. 2001ರಲ್ಲಿ ಅವರು ಒಂದು ಸಿದ್ಧಾಂತ ಮಂಡಿಸಿದರು: ಇಳಿಯದ ವೃಷಣ, ಹೈಪೊಸ್ಪೇಡಿಯಾಸ್, ಕಡಿಮೆ ವೀರ್ಯಾಣು, ವೃಷಣದ ಕ್ಯಾನ್ಸರ್ ಇವು ನಾಲ್ಕು ಬೇರೆ ಕಾಯಿಲೆಗಳಲ್ಲ, ಗರ್ಭದಲ್ಲಿ ವೃಷಣ ಸರಿಯಾಗಿ ರೂಪುಗೊಳ್ಳದೆ ಹೋದ ಒಂದೇ ಕೆಡುಕಿನ ಬೇರೆ ಬೇರೆ ಮುಖಗಳು. ಎಲ್ಲ ವಿಜ್ಞಾನಿಗಳೂ ಇದನ್ನು ಒಪ್ಪಿಲ್ಲ. ಪ್ರತಿ ಪ್ರಕರಣಕ್ಕೂ ಇದು ಅನ್ವಯಿಸಲಾರದು. ಆದರೂ ಹಿಂದಿನ ಎರಡು ದಶಕಗಳ ಸಂಶೋಧನೆ ನಡೆದಿರುವುದು ಬಹುಮಟ್ಟಿಗೆ ಈ ಪ್ರಶ್ನೆಯ ಸುತ್ತಲೇ.

ಡೆನ್ಮಾರ್ಕಿಗೂ ಫಿನ್ಲೆಂಡಿಗೂ ದೂರವೇನೂ ಹೆಚ್ಚಿಲ್ಲ. ಶ್ರೀಮಂತಿಕೆ, ಆಸ್ಪತ್ರೆ, ಊಟ ಹೆಚ್ಚುಕಡಿಮೆ ಸಮ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಎರಡೂ ದೇಶಗಳ ನವಜಾತ ಗಂಡುಶಿಶುಗಳನ್ನು ಒಂದೇ ಕ್ರಮದಲ್ಲಿ ಪರೀಕ್ಷಿಸಿತು. ವೃಷಣ ಇಳಿಯದೆ ಹುಟ್ಟಿದವರು ಡೆನ್ಮಾರ್ಕಿನಲ್ಲಿ ಶೇ 9, ಫಿನ್ಲೆಂಡಿನಲ್ಲಿ ಶೇ 2.4. ವೃಷಣದ ಕ್ಯಾನ್ಸರ್ ಕೂಡ ಡೆನ್ಮಾರ್ಕಿನಲ್ಲಿ ಎಷ್ಟೋ ಪಟ್ಟು ಹೆಚ್ಚು. ವಂಶವಾಹಿಯ ವ್ಯತ್ಯಾಸ ಇರಬಹುದಲ್ಲ ಎಂದು ಕೇಳಬಹುದು. ಅದಕ್ಕೆ ಉತ್ತರದಂತೆ ಬಂದದ್ದು ವಲಸಿಗರ ಲೆಕ್ಕ. ಬೇರೆ ದೇಶಗಳಲ್ಲಿ ಹುಟ್ಟಿ ಡೆನ್ಮಾರ್ಕಿಗೆ ಬಂದು ನೆಲೆಸಿದ ಗಂಡಸರಲ್ಲಿ ಈ ಕ್ಯಾನ್ಸರ್ ಕಡಿಮೆಯೇ ಉಳಿಯಿತು. ಅವರ ಮಕ್ಕಳು, ಡೆನ್ಮಾರ್ಕಿನಲ್ಲೇ ಹುಟ್ಟಿದವರು, ಸ್ಥಳೀಯರ ಮಟ್ಟಕ್ಕೆ ಬಂದರು. ರಕ್ತ ಅಪ್ಪನದೇ. ಬದಲಾದದ್ದು ಅಮ್ಮ ಬಸುರಿಯಾಗಿದ್ದಾಗ ಉಂಡ ಅನ್ನ, ಉಸಿರಾಡಿದ ಗಾಳಿ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಬಲವಾದ ಸಾಕ್ಷಿ ಎನಿಸುವುದು ಇದೇ. ವೀರ್ಯಾಣುಗಳ ಸಂಖ್ಯೆ ಜಗತ್ತಿನಲ್ಲಿ ಅರ್ಧಕ್ಕಿಳಿದಿದೆ ಎಂಬ ಸುದ್ದಿಗಿಂತ ಇದು ಹೆಚ್ಚು ನಂಬಬಹುದಾದದ್ದು. ಆ ಸುದ್ದಿಯ ಮೂಲ 2017ರಲ್ಲಿ ಸಂಶೋಧಕ ಹಗಾಯ್ ಲೆವೀನ್ ಮತ್ತಿತರರು 185 ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ಲೆಕ್ಕ. 1973ರಿಂದ 2011ರ ನಡುವೆ ಪಾಶ್ಚಾತ್ಯ ದೇಶಗಳ ಗಂಡಸರಲ್ಲಿ ವೀರ್ಯಾಣುಗಳ ಸಾಂದ್ರತೆ ಶೇ 52ರಷ್ಟು ಇಳಿದಿದೆ ಎಂದು ಅದು ಹೇಳಿತು. ಆದರೆ ಹಳೆಯ ಕಾಲದ ಪ್ರಯೋಗಾಲಯಗಳ ಎಣಿಕೆಯ ಕ್ರಮ ಈಗಿನದಲ್ಲ, ಪರೀಕ್ಷೆಗೆ ಬಂದವರು ಯಾರು ಎನ್ನುವುದೂ ಒಂದೊಂದು ಕಡೆ ಒಂದೊಂದು ರೀತಿ ಎಂಬ ಆಕ್ಷೇಪಗಳು ಇನ್ನೂ ಜೀವಂತವಾಗಿವೆ.

ಹಾಗಾದರೆ ಯಾವ ರಾಸಾಯನಿಕ? ಇಲ್ಲಿ ವಿಜ್ಞಾನ ತಡವರಿಸುತ್ತದೆ. ಮೆತ್ತನೆಯ ಪ್ಲಾಸ್ಟಿಕ್ಕಿಗೆ ಆ ಮೆತುತನ ಕೊಡುವ ಥಾಲೇಟುಗಳ ಮೇಲೆ ಎಲ್ಲರ ಕಣ್ಣು ಬಿದ್ದಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅರ್ಲ್ ಗ್ರೇ, ಕೆಲವು ಥಾಲೇಟುಗಳನ್ನು ಗರ್ಭಿಣಿ ಇಲಿಗಳಿಗೆ ಕೊಟ್ಟರೆ ಗಂಡು ಮರಿಗಳು ಅರೆಬರೆ ಗಂಡಾಗಿ ಹುಟ್ಟುತ್ತವೆ ಎಂದು 2000ದಲ್ಲಿ ತೋರಿಸಿದರು. ಎಲ್ಲ ಥಾಲೇಟುಗಳೂ ಹಾಗೆ ಮಾಡಲಿಲ್ಲ. ಕೆಲವು ಪೂರ್ತಿ ನಿರಪಾಯವಾಗಿ ಕಂಡವು. ಸಂಶೋಧಕಿ ಶಾನಾ ಸ್ವಾನ್ 2005ರಲ್ಲಿ 85 ಗಂಡುಮಕ್ಕಳನ್ನು ಅಳೆದು, ಗರ್ಭಿಣಿ ತಾಯಿಯ ಮೂತ್ರದಲ್ಲಿ ಥಾಲೇಟಿನ ಅಂಶ ಹೆಚ್ಚಿದ್ದಾಗ ಮಗನ ಗುದದ್ವಾರಕ್ಕೂ ಜನನಾಂಗಕ್ಕೂ ನಡುವಿನ ಅಂತರ ಕಡಿಮೆ ಎಂದರು. ಗಂಡಿನಲ್ಲಿ ಈ ಅಂತರ ಹೆಣ್ಣಿನದರ ಸುಮಾರು ಎರಡು ಪಟ್ಟು ಇರುತ್ತದೆ. ಗರ್ಭದ 8ರಿಂದ 14ನೇ ವಾರದ ಆ ಅವಧಿಯಲ್ಲಿ ಎಷ್ಟು ಟೆಸ್ಟೋಸ್ಟಿರೋನ್ ಸಿಕ್ಕಿತ್ತು ಎಂಬುದಕ್ಕೆ ಜೀವನಪೂರ್ತಿ ಉಳಿಯುವ ಗುರುತು ಅದು. ಇನ್ನೊಂದು ಕಡೆ, ಮನುಷ್ಯ ಭ್ರೂಣದ ವೃಷಣದ ತುಣುಕನ್ನು ಇಲಿಗೆ ಕಸಿ ಮಾಡಿ ಥಾಲೇಟ್ ಕೊಟ್ಟ ಎಡಿನ್‌ಬರೊದ 2012ರ ಪ್ರಯೋಗದಲ್ಲಿ ಟೆಸ್ಟೋಸ್ಟಿರೋನ್ ಇಳಿಯಲೇ ಇಲ್ಲ. ಇಲಿಗೆ ಆದದ್ದು ಮನುಷ್ಯನಿಗೂ ಆಗಲೇಬೇಕೆಂದಿಲ್ಲ. ಇನ್ನೂ ಒಂದು ತೊಡಕು: ಥಾಲೇಟು ದೇಹದಿಂದ ಒಂದೆರಡು ದಿನದಲ್ಲಿ ಮೂತ್ರವಾಗಿ ಹೊರಟುಹೋಗುತ್ತದೆ. ಮಂಗಳವಾರದ ಮೂತ್ರ ಸೋಮವಾರದ ಊಟದ ಬಗ್ಗೆ ಹೇಳೀತು, ಹಿಂದಿನ ತಿಂಗಳಿನ ಬಗ್ಗೆ ಅಲ್ಲ.

ಮತ್ತೊಂದು ಅಧ್ಯಯನ ನಮ್ಮನ್ನು ನೇರವಾಗಿ ಕರಾವಳಿಗೆ ಕರೆದೊಯ್ಯುತ್ತದೆ. 2006ರಲ್ಲಿ ಪ್ರಕಟವಾದ ಅದರಲ್ಲಿ ಡೆನ್ಮಾರ್ಕ್ ಮತ್ತು ಫಿನ್ಲೆಂಡಿನ ಬಾಣಂತಿಯರ ಎದೆಹಾಲನ್ನು ಪರೀಕ್ಷಿಸಿದ್ದರು. ಅರ್ಧದಷ್ಟು ತಾಯಂದಿರ ಮಕ್ಕಳಿಗೆ ವೃಷಣ ಇಳಿದಿರಲಿಲ್ಲ. ಎಲ್ಲ ಮಾದರಿಗಳಲ್ಲೂ ಸಿಕ್ಕ ಎಂಟು ಕೀಟನಾಶಕಗಳನ್ನು ಒಂದೊಂದಾಗಿ ತೂಗಿದಾಗ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಎಂಟನ್ನೂ ಕೂಡಿಸಿ ತೂಗಿದಾಗ, ದೋಷವಿದ್ದ ಮಕ್ಕಳ ತಾಯಂದಿರ ಹಾಲಿನಲ್ಲಿ ಹೆಚ್ಚಿತ್ತು. ಒಂದೊಂದು ರಾಸಾಯನಿಕಕ್ಕೂ ಬೇರೆ ಬೇರೆ ಸುರಕ್ಷಿತ ಮಿತಿ ಹಾಕಿ ಸಮಾಧಾನಪಡುವ ಕಾನೂನುಗಳಿಗೆ ಇದು ಸಣ್ಣ ಪೆಟ್ಟಲ್ಲ. ಆ ಎಂಟರಲ್ಲಿ ಒಂದರ ಹೆಸರು ಎಂಡೋಸಲ್ಫಾನ್.

ಗೇರು ಗುಡ್ಡದ ಕೆಳಗೆ

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯಿತಿಯ ಪಡ್ರೆ, ವಾಣೀನಗರ ಕನ್ನಡ, ತುಳು ಮಾತಾಡುವ ಊರುಗಳು. ಸುತ್ತ ಗುಡ್ಡ, ಗುಡ್ಡದ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟ, ಕೆಳಗೆ ಮನೆ, ಅಡಿಕೆ ತೋಟ, ತೋಡು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗಗಳಿಂದ ಹರಿದು ಬರುವ ನೀರನ್ನೇ ಇಲ್ಲಿನವರು ಕುಡಿಯುತ್ತಿದ್ದರು. ಗೇರಿನ ಚಿಗುರು ಹೀರುವ ಚಹಾ ಸೊಳ್ಳೆಯನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ವರ್ಷಕ್ಕೆ ಎರಡು ಮೂರು ಬಾರಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಮೇಲೆ ಬಿದ್ದದ್ದು ಮಳೆಯೊಡನೆ ಕೆಳಗಿಳಿಯದೆ ಇನ್ನೆಲ್ಲಿಗೆ ಹೋದೀತು? ಕರುಗಳು ಅಂಗವಿಕಲವಾಗಿ ಹುಟ್ಟುತ್ತಿರುವ ಬಗ್ಗೆ ಪತ್ರಕರ್ತ ಶ್ರೀ ಪಡ್ರೆ 1980ರ ದಶಕದ ಆರಂಭದಲ್ಲೇ ಬರೆದಿದ್ದರು. ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಚಿಕಿತ್ಸಾಲಯಕ್ಕೆ ಬರುವ ವಿಚಿತ್ರ ಕಾಯಿಲೆಗಳನ್ನು ಮನೆಮನೆಯ ಲೆಕ್ಕದಲ್ಲಿ ಗುರುತಿಟ್ಟುಕೊಂಡು ಬಂದರು. ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಕೋರ್ಟಿನಿಂದ ಸಿಂಪಡಣೆಗೆ ತಡೆ ತಂದರು.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ವಿಷಯವನ್ನು ಕೈಗೆತ್ತಿಕೊಂಡ ಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಹಬೀಬುಲ್ಲಾ ಸೈಯದ್ ನೇತೃತ್ವದ ತಂಡ ಊರಿಗೆ ಬಂತು. ಅವರು ಆರಿಸಿಕೊಂಡ ಪ್ರಶ್ನೆ ಯಾರೂ ಕೇಳದಿದ್ದದ್ದು: ಇಲ್ಲಿನ ಹುಡುಗರು ಸಕಾಲಕ್ಕೆ ಗಂಡಸರಾಗುತ್ತಿದ್ದಾರೆಯೇ? ಗೇರು ಗುಡ್ಡದ ಬುಡದ ಹಳ್ಳಿಯ 10ರಿಂದ 19 ವರ್ಷದ 117 ಶಾಲಾ ಹುಡುಗರನ್ನೂ, ಸಿಂಪಡಣೆಯಿಲ್ಲದ ಇನ್ನೊಂದು ಊರಿನ 90 ಹುಡುಗರನ್ನೂ ಪರೀಕ್ಷಿಸಿದರು. ಸಿಂಪಡಣೆ ನಿಂತು ಹತ್ತು ತಿಂಗಳಾಗಿತ್ತು. ಆಗಲೂ ಮೊದಲ ಗುಂಪಿನ ಶೇ 78 ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಸಿಕ್ಕಿತು. ಎರಡನೇ ಗುಂಪಿನಲ್ಲಿ ಶೇ 29. ರಕ್ತದಲ್ಲಿ ವಿಷ ಹೆಚ್ಚಿದ್ದಷ್ಟೂ, ವಯಸ್ಸಿಗೆ ತಕ್ಕಂತೆ ಬೆಳೆಯಬೇಕಾದ ಗಂಡಸುತನದ ಲಕ್ಷಣಗಳು ಹಿಂದೆ ಬಿದ್ದಿದ್ದವು, ಟೆಸ್ಟೋಸ್ಟಿರೋನ್ ಕಡಿಮೆಯಿತ್ತು. 2003ರಲ್ಲಿ ಈ ವರದಿ ಅಮೆರಿಕದ ಹೆಸರಾಂತ ಪರಿಸರ ಆರೋಗ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅದರೊಳಗೆ ಹುಟ್ಟಿನ ದೋಷಗಳ ಒಂದು ಸಾಲಿದೆ. ವೃಷಣ ಇಳಿಯುವುದಕ್ಕೆ ಸಂಬಂಧಿಸಿದ ಹುಟ್ಟುದೋಷಗಳು (ಇಳಿಯದ ವೃಷಣ, ಹುಟ್ಟಿನಿಂದ ಬಂದ ಹೈಡ್ರೋಸೀಲ್, ಹರ್ನಿಯಾ) ಪಡ್ರೆಯ ಕಡೆ ಶೇ 5.1, ಹೋಲಿಕೆಯ ಊರಿನಲ್ಲಿ ಶೇ 1.1. ಕೇಳುವುದಕ್ಕೆ ಹೆಚ್ಚುಕಡಿಮೆ ಐದು ಪಟ್ಟು. ಬಿಡಿಸಿ ನೋಡಿದರೆ 117ರಲ್ಲಿ 6 ಹುಡುಗರು, 90ರಲ್ಲಿ 1 ಹುಡುಗ. ಇಷ್ಟು ಸಣ್ಣ ಸಂಖ್ಯೆಯಲ್ಲಿ ಆ ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು ಎಂದು ಸಂಶೋಧಕರೇ ಪ್ರಾಮಾಣಿಕವಾಗಿ ಬರೆದರು. ಗರ್ಭದಲ್ಲಿದ್ದಾಗ ತಾಗಿದ ವಿಷವನ್ನೂ ಹುಟ್ಟಿದ ಮೇಲೆ ತಾಗಿದ್ದನ್ನೂ ಬೇರ್ಪಡಿಸುವ ದಾರಿಯೂ ಅವರಿಗಿರಲಿಲ್ಲ. ಆ ಹುಡುಗರು ಹುಟ್ಟುವ ಮೊದಲೂ ಹುಟ್ಟಿದ ಮೇಲೂ ಅದೇ ನೀರಿನಲ್ಲಿದ್ದರು. ಕೀಟನಾಶಕ ಉದ್ಯಮದ ಕಡೆಯವರು ಅಧ್ಯಯನದ ಕ್ರಮದ ಬಗ್ಗೆಯೇ ತಗಾದೆ ತೆಗೆದರು. ಇನ್ನಷ್ಟು ದೊಡ್ಡ ಅಧ್ಯಯನ ಮಾಡಿ ಅನುಮಾನ ಪರಿಹರಿಸಬಹುದಿತ್ತು. ಬದಲಿಗೆ ಸಮಿತಿಗಳು ಬಂದವು, ಅವುಗಳಲ್ಲಿ ಕೆಲವು ಎಂಡೋಸಲ್ಫಾನಿಗೂ ಕಾಯಿಲೆಗೂ ಸಂಬಂಧವಿಲ್ಲ ಎಂದೂ ಹೇಳಿಹೋದವು. 2011ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ನಿಷೇಧಿಸಿತು, ಏಪ್ರಿಲ್‌ನಲ್ಲಿ ಅದು ವಿಷ ರಾಸಾಯನಿಕಗಳನ್ನು ಜಗತ್ತಿನಾದ್ಯಂತ ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು, ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆಯಿತು. ಆ ಪಟ್ಟಿಗೆ ಸೇರಿಸುವುದನ್ನು ವರ್ಷಗಟ್ಟಲೆ ವಿರೋಧಿಸುತ್ತ ಬಂದ ದೇಶ, ಎಂಡೋಸಲ್ಫಾನನ್ನು ಜಗತ್ತಿನಲ್ಲೇ ಅತಿ ಹೆಚ್ಚು ತಯಾರಿಸುತ್ತಿದ್ದ ನಮ್ಮದೇ.

ಈಚೆ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲೂ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ ಇದೇ ಹೆಲಿಕಾಪ್ಟರ್ ಹಾರಾಟ ನಡೆದಿತ್ತು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಸಂತ್ರಸ್ತರಿಗೆ ಸರ್ಕಾರ ಮಾಸಾಶನ ಕೊಡುತ್ತಿದೆ. ನಾವು ಪತ್ರಿಕೆಗಳಲ್ಲಿ ಕಂಡ ಎಂಡೋಸಲ್ಫಾನ್ ಚಿತ್ರಗಳೆಲ್ಲ ದೊಡ್ಡ ತಲೆಯ, ಬಾಗಿದ ಕೈಕಾಲಿನ, ಹಾಸಿಗೆ ಬಿಟ್ಟೇಳದ ಮಕ್ಕಳವು. ಹದಿನಾರಾದರೂ ದನಿ ಒಡೆಯದ ಹುಡುಗನ ಚಿತ್ರ ಯಾರೂ ತೆಗೆಯಲಿಲ್ಲ; ತೆಗೆಯಲು ಅವನ ಮನೆಯವರು ಬಿಡುತ್ತಲೂ ಇರಲಿಲ್ಲ. ನಾಳೆ ಅವನಿಗೆ ಹೆಣ್ಣು ಕೊಡುವವರು ಬೇಕಲ್ಲ. ಈ ದೋಷ ನಾಚಿಕೆಯ ಮರೆಯಲ್ಲಿ ಉಳಿಯುವಂಥದ್ದು, ಹಾಗಾಗಿ ಅದಕ್ಕೆ ಮಾಸಾಶನವೂ ಇಲ್ಲ, ಮೆರವಣಿಗೆಯೂ ಇಲ್ಲ. ಮದುವೆಯಾಗಿ ಮಕ್ಕಳಾಗದಿದ್ದರೆ ಹರಕೆ ಹೊರುವವಳು ಸೊಸೆ. ಕುಕ್ಕೆಗೆ ಹೋಗಿ ಸರ್ಪಸಂಸ್ಕಾರ, ಆಶ್ಲೇಷಾ ಬಲಿ ಮಾಡಿಸಿ, ಇಬ್ಬರು ಮೂವರು ಹೆಂಗಸರ ಡಾಕ್ಟರನ್ನು ಸುತ್ತಿ, ಕೊನೆಗೆ ಯಾರಾದರೂ ಧೈರ್ಯ ಮಾಡಿ ಹೇಳಿದರೆ ಗಂಡನ ವೀರ್ಯ ಪರೀಕ್ಷೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ ಎಂಬುದು ವೈದ್ಯಲೋಕಕ್ಕೆ ಹಳೆಯ ಸಂಗತಿ.

ಎಚ್ಚರಿಕೆ ಯಾರದು?

ಇಂಥ ಲೇಖನಗಳು ಸಾಮಾನ್ಯವಾಗಿ ಈ ಹಂತದಲ್ಲಿ ಗರ್ಭಿಣಿಯ ಕಡೆ ಬೆರಳು ತೋರಿಸುತ್ತವೆ: ಪ್ಲಾಸ್ಟಿಕ್ ಡಬ್ಬಿ ಮುಟ್ಟಬೇಡ, ಲಿಪ್‌ಸ್ಟಿಕ್ ಹಚ್ಚಬೇಡ, ತರಕಾರಿ ಉಪ್ಪುನೀರಿನಲ್ಲಿ ನೆನೆಸು. ಇಂಥ ಬುದ್ಧಿವಾದದ ಮಿತಿಯನ್ನು ತೋರಿಸಿದ್ದು ಡೆನ್ಮಾರ್ಕಿನ ಹಸಿರುಮನೆಗಳ ಒಂದು ಅಧ್ಯಯನ. ಹೂವು ತರಕಾರಿ ಬೆಳೆಯುವ ಅಲ್ಲಿನ ಗಾಜಿನ ಮನೆಗಳಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸರು ಬಸುರಿಯರಾದದ್ದು ತಿಳಿದ ಕೂಡಲೇ, ಹೆಚ್ಚು ಕೀಟನಾಶಕ ತಾಗುತ್ತಿದ್ದವರಿಗೆ ಸಂಬಳಸಹಿತ ರಜೆ ಅಥವಾ ಬೇರೆ ಕೆಲಸ ಕೊಡಲಾಗಿತ್ತು. ಕಾನೂನು, ಸಂಬಳ, ವೈದ್ಯರ ಸಲಹೆ ಎಲ್ಲ ಅವರ ಪಾಲಿಗಿತ್ತು. ಆದರೂ 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹಸಿರುಮನೆಗಳಲ್ಲಿ ದುಡಿಯುತ್ತಿದ್ದ ಆ ತಾಯಂದಿರ ಗಂಡುಮಕ್ಕಳಲ್ಲಿ ಮೂರು ತಿಂಗಳ ವಯಸ್ಸಿಗೆ ವೃಷಣ ಇಳಿಯದವರು ಶೇ 6.2, ಕೋಪನ್‌ಹೇಗನ್ ಪ್ರದೇಶದ ಸಾಮಾನ್ಯ ಮಕ್ಕಳಲ್ಲಿ ಶೇ 1.9. ಕೀಟನಾಶಕ ತಾಗಿದ್ದವರ ಮಕ್ಕಳಲ್ಲಿ ಶಿಶ್ನ, ವೃಷಣಗಳ ಅಳತೆಯೂ ಚಿಕ್ಕದಿತ್ತು. ಬಸುರಿ ಎಂದು ತಿಳಿಯುವ ಹೊತ್ತಿಗೇ ತಡವಾಗಿತ್ತು.

ದೊಡ್ಡಬಳ್ಳಾಪುರದ ಸುತ್ತಿನ ಗುಲಾಬಿ ಪಾಲಿಹೌಸುಗಳಲ್ಲಿ, ವಿಜಯಪುರದ ದ್ರಾಕ್ಷಿ ತೋಟಗಳಲ್ಲಿ ದಿನಗೂಲಿಗೆ ಹೋಗುವ ಹೆಂಗಸಿಗೆ ಅಂಥ ರಜೆ ಕೊಡುವವರಾರು? ತಾನು ಬಸುರಿ ಎಂದು ಎಂಟನೇ ವಾರದಲ್ಲಿ ಮೇಸ್ತ್ರಿಗೆ ಹೇಳಿದರೆ ಅವಳಿಗೆ ಸಿಗುವುದು ರಜೆಯಲ್ಲ, ಕೂಲಿ ನಷ್ಟ. ಆದ್ದರಿಂದ ವಿಷಕ್ಕೆ ತಡೆ ಬೀಳಬೇಕಾದದ್ದು ಹೆಂಗಸಿನ ಕೈಯಲ್ಲಲ್ಲ, ಕೀಟನಾಶಕಕ್ಕೆ ಅನುಮತಿ ಕೊಡುವ ಮೇಜಿನ ಮೇಲೆ. ಯುರೋಪಿನ ಒಕ್ಕೂಟ ಹಾರ್ಮೋನು ಕೆಡಿಸುವ ಕೀಟನಾಶಕಗಳನ್ನು ಗುರುತಿಸಲು 2018ರಲ್ಲಿ ಪ್ರತ್ಯೇಕ ಮಾನದಂಡವನ್ನೇ ಜಾರಿಗೆ ತಂದಿತು. ನಮ್ಮಲ್ಲಿ ಇನ್ನೂ 1968ರ ಕೀಟನಾಶಕ ಕಾಯ್ದೆ ನಡೆಯುತ್ತಿದೆ. ಅದರ ಬದಲಿಗೆ 2020ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದ ಮಸೂದೆ ಕಾಯ್ದೆಯಾಗಲಿಲ್ಲ. ಸಾಕ್ಷಿ ಪೂರ್ತಿಯಾಗಲಿ ಎಂದು ಕಾಯುವವರು ಒಂದು ಲೆಕ್ಕ ಹಾಕಬೇಕು. ಗರ್ಭದಲ್ಲಿ ಆದ ಕೆಡುಕು ವೀರ್ಯ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವುದಕ್ಕೆ ಇಪ್ಪತ್ತೈದು ವರ್ಷ ಬೇಕು. ಅಷ್ಟರಲ್ಲಿ ಆ ಔಷಧಿಯ ಡಬ್ಬಿ, ಅದನ್ನು ಮಾರಿದ ಅಂಗಡಿ, ಹೊಡೆದ ಆಳು, ಯಾರೂ ಸಿಗುವುದಿಲ್ಲ. ಒಬ್ಬನ ಬಂಜೆತನಕ್ಕೆ ಇಂಥದೇ ರಾಸಾಯನಿಕ ಕಾರಣ ಎಂದು ಕೋರ್ಟಿನಲ್ಲಿ ಸಾಬೀತು ಮಾಡುವ ದಿನ ಎಂದೂ ಬರುವುದಿಲ್ಲ. ಅಂಥ ಪುರಾವೆಯನ್ನು ಕೇಳುವುದೇ ತಪ್ಪಿಸಿಕೊಳ್ಳುವ ಉಪಾಯ.

ಮನೆಯ ಮಟ್ಟದಲ್ಲಿ ಮಾಡಬಹುದಾದದ್ದು ಸ್ವಲ್ಪವೇ, ಆದರೆ ಇದೆ. ಗರ್ಭಿಣಿಯ ಬಳಿ ಬೀಡಿ ಸಿಗರೇಟಿನ ಹೊಗೆ ಸುಳಿಯಬಾರದು. ಬಸುರಿನಲ್ಲಿ ಸಿಗರೇಟು ಸೇದಿದ ತಾಯಂದಿರ ಗಂಡುಮಕ್ಕಳಲ್ಲಿ ವೀರ್ಯಾಣು ಕಡಿಮೆ ಎಂದು ಡೆನ್ಮಾರ್ಕ್, ಸ್ವೀಡನ್ನಿನ ಅಧ್ಯಯನಗಳು ತೋರಿಸಿವೆ. ಕ್ರೋಸಿನ್, ಡೋಲೋ ಎಂದು ನಾವು ಕೇಳಿ ತರುವ ಪ್ಯಾರಾಸಿಟಮಾಲ್ ವಿಷಯದಲ್ಲಿ ಗಾಬರಿ ಬೇಡ, ಉದಾಸೀನವೂ ಬೇಡ. ಎಡಿನ್‌ಬರೊದ 2015ರ ಕಸಿ ಪ್ರಯೋಗದಲ್ಲಿ ಏಳು ದಿನ ಸತತ ಕೊಟ್ಟಾಗ ಮನುಷ್ಯ ಭ್ರೂಣದ ವೃಷಣದ ಟೆಸ್ಟೋಸ್ಟಿರೋನ್ ಶೇ 45ರಷ್ಟು ಇಳಿಯಿತು. ಒಂದೇ ದಿನ ಕೊಟ್ಟಾಗ ಏನೂ ಆಗಲಿಲ್ಲ. ಬಸುರಿಯ ಜೋರು ಜ್ವರವೂ ಮಗುವಿಗೆ ಅಪಾಯವೇ, ಅದನ್ನು ಇಳಿಸಲೇಬೇಕು, ಮತ್ತು ಅದಕ್ಕೆ ವೈದ್ಯರು ಇಂದಿಗೂ ಆರಿಸುವುದು ಪ್ಯಾರಾಸಿಟಮಾಲನ್ನೇ. ತಪ್ಪಿರುವುದು ಮೈಕೈ ನೋವೆಂದು ವಾರಗಟ್ಟಲೆ ತಾನಾಗಿ ನುಂಗುವುದರಲ್ಲಿ. ಮಕ್ಕಳಾಗದ ಜೋಡಿಯಲ್ಲಿ ಮೊದಲು ಆಗಬೇಕಾದ ಪರೀಕ್ಷೆ ಗಂಡನದು. ಅದು ಅಗ್ಗ, ನೋವಿಲ್ಲ, ಒಂದೇ ದಿನದ್ದು.

ಗಂಡು ಮಗು ಹುಟ್ಟಿದಾಗ, ಎರಡೂ ವೃಷಣ ಚೀಲಕ್ಕೆ ಇಳಿದಿವೆಯೇ ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿ, ಚುಚ್ಚುಮದ್ದಿಗೆ ಹೋದಾಗಲೆಲ್ಲ ನೋಡಿಸಿ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಇಳಿಯದಿರುವುದು ಹೆಚ್ಚು, ಬಹುಪಾಲು ಮಕ್ಕಳಲ್ಲಿ ಮೊದಲ ಕೆಲವು ತಿಂಗಳಲ್ಲಿ ತಾನೇ ಇಳಿಯುತ್ತದೆ. ಆರು ತಿಂಗಳು ತುಂಬಿದರೂ ಇಳಿಯದಿದ್ದರೆ ದೊಡ್ಡವನಾದ ಮೇಲೆ ಸರಿಹೋಗುತ್ತದೆ ಎಂದು ಕಾಯಬೇಡಿ, ಮಕ್ಕಳ ಶಸ್ತ್ರಚಿಕಿತ್ಸಕರಿಗೆ ತೋರಿಸಿ. ಒಂದೂವರೆ ವರ್ಷದೊಳಗೆ ಅದನ್ನು ಕೆಳಗಿಳಿಸುವ ಶಸ್ತ್ರಚಿಕಿತ್ಸೆ ಆಗಿಬಿಟ್ಟರೆ ಮುಂದೆ ಮಕ್ಕಳಾಗುವ ಸಾಧ್ಯತೆ ಹೆಚ್ಚು, ಕ್ಯಾನ್ಸರಿನ ಅಪಾಯ ಕಡಿಮೆ.